ಬೆಳಿಗ್ಗೆ ತಪ್ಪುವ ಗುರಿ

ಮಾಗಿಯ ಚಳಿಯಲ್ಲಿ ತಿಪಟೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಹುಚ್ಚಕ್ಕನಿಗೆ ನೊಣವಿನಕೆರೆ ಬಸ್ಸು ಮರೆತೇಹೋಗಿತ್ತು. ಪಕ್ಕದಲ್ಲೇ ಇಬ್ಬರು ಗೆಳೆಯರು, ನಡುವೆ ಬಟ್ಟೆ ಸುತ್ತಿದ ರೈಫಲ್ಲು; ಅವಳ ಕಿವಿಯೆಲ್ಲ ಅವರ ಮಾತಿನ ಮೇಲೇ.

"ಗುರಿ ಹೊಡೆಯೋ ಪಂದ್ಯಕ್ಕೆ ನೀನೊಬ್ನೇ ಹೋಗು ಲಿಯಾಕತ್ತು. ನಾನು ಮನೆಗೆ ಹೋಯ್ತೀನಿ."

"ಯಾಕ್ಲಾ ಚಿಕ್ಕರಂಗ?"

"ಬೆಳಿಗ್ಗೆ ಹೊಡುದ್ರೆ ಗುಂಡು ಎತ್ತೆತ್ತಲೋ ಹೋಯ್ತದೆ. ಮಧ್ಯಾಹ್ನ ಹೊಡುದ್ರೆ ನಟ್ಟನಡುವಿಗೇ ಬೀಳ್ತದೆ. ನನ್ನ ಕಣ್ಣೇ ಕೆಟ್ಟಿರ್ಬೇಕು."

"ಕಣ್ಣಂತೆ ಕಣ್ಣು! ಬಟ್ಟೆ ಸರಿಸು. ನಳಿಗೆಗೂ ಅಡಿಯ ಮರಕ್ಕೂ ಮಧ್ಯ ಒಂದು ಚೀಟಿ ಸಲೀಸಾಗಿ ಓಡಾಡ್ಬೇಕು. ನೋಡು, ಸಿಕ್ಕಾಕ್ಕೊಂತು. ಮರಕ್ಕೆ ಏನು ಬಳ್ದಿದ್ದೀಯಾ?"

"ಕೊಬ್ಬರಿ ಎಣ್ಣೆ ಕಣ್ಲಾ. ಮರ ಹೊಳೀಲಿ ಅಂತ ದಿನಾ ತಿಕ್ತೀನಿ."

"ಅದೇ ಮತ್ತೆ! ಈ ಚಳೀಗೆ ಸಂದೀಲಿ ಎಣ್ಣೆ ಗಟ್ಟಿಯಾಗಿ ನಳಿಗೇನ ಒತ್ತೈತೆ. ಗುಂಡು ಹಾರುವಾಗ ನಳಿಗೆ ಯಾವುದಕ್ಕೂ ತಾಗ್ಬಾರ್ದು. ಬಿಸಿಲೇರಿದ್ರೆ ಎಣ್ಣೆ ಕರಗ್ತದೆ, ಗುರೀನೂ ಸರಿಹೋಯ್ತದೆ."

"ಹಂಗಾರೆ ನನ್ನ ಕಣ್ಣು?"

"ಹದ್ದಿನ ಕಣ್ಣು ಕಣ್ಲಾ ನಿಂದು. ಮರ ಬಿಚ್ಚಿ ಎಣ್ಣೆ ಒರೆಸಿದ್ರೆ ಆಯ್ತು, ಬುಡು."

ಅಷ್ಟರಲ್ಲಿ ತುಮಕೂರಿನ ಬಸ್ಸು ಬಂತು. ಲಿಯಾಕತ್ ಏಳುವ ಮುಂಚೆಯೇ ಚಿಕ್ಕರಂಗಯ್ಯ ರೈಫಲ್ಲು ಅವುಚಿಕೊಂಡು ಬಸ್ಸು ಹತ್ತಿದ್ದ. ಕಿಟಕಿಯಿಂದ ಕೂಗಿ ಹೇಳಿದ:

"ಬಿರ್ರನೆ ಬಾರ್ಲಾ! ಪಂದ್ಯ ನಮಗೋಸ್ಕರ ನಿಂತಿರ್ತದಾ?"