ಅಡುಗೆಮನೆಯಿಂದ ಬಂದ ಆಶೀರ್ವಾದ

ಬಾರ್ಕಿಸಿಮೆಟೊ ಊರಿನಲ್ಲಿ, ಅರೆಪಾ ಅನ್ನೋ ಮೆಕ್ಕೆಜೋಳದ ರೊಟ್ಟಿ ಮಾರುವ ಹೋಟೆಲಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು.

“ಯುಸ್ಮೇರಿ ಅಕ್ಕಾ, ಈ ಹೋಟೆಲಿನ ಬಾಗಿಲು ದಾಟಿದವನೇ ಅಭ್ಯಾಸದಂತೆ ‘ಆಶೀರ್ವಾದ ಮಾಡಮ್ಮಾ’ ಅಂದ್ಬಿಟ್ಟೆ.”

“ಮಂಗಳವಾರ ಮಣ್ಣು ಮಾಡಿದ ಅಮ್ಮಂಗಾ?”

“ಹ್ಞೂಂ. ‘ದೇವ್ರು ಒಳ್ಳೇದು ಮಾಡ್ಲಿ ಮಗನೇ’ ಅಂತ ಅಡುಗೆಮನೆಯಿಂದ ಬಂತು.”

“ಇಲ್ಲಿ ಅಡುಗೆಗೆ ಅಮ್ಮನ ಜಾಗಕ್ಕೆ ಬಂದ ಹೊಸಬಳು ಅಂದಿರ್ಬೇಕು ಕಣೋ.”

“ಹೊಸಬಳಲ್ಲ, ಹೊಸಬ. ಇಷ್ಟುದ್ದ ಮೀಸೆ! ಅಲ್ನೋಡು, ಹೊರಗೆ ಸಿಗರೇಟು ಸೇದ್ತಿದಾನೆ.”

“ಮತ್ತೆ ಒಳಗೆ ಅರೆಪಾ ತಟ್ತಿರೋದು ಯಾರು?”

ತಮ್ಮ ಅಕ್ಕನ ತೋಳು ಹಿಡಿದುಕೊಂಡ.

“ಅಮ್ಮನ ಮೇಲೆ ಮುನಿಸ್ಕೊಂಡು ಎರಡು ವರ್ಷ ನಾನು ಅವಳ ಆಶೀರ್ವಾದಾನೇ ಕೇಳ್ಲಿಲ್ಲ. ಈಗ ಕೇಳ್ತೀನಿ,” ಅಂದಳು ಅಕ್ಕ.

“ಬೇಡಕ್ಕಾ. ಉತ್ತರ ಬರದಿದ್ರೆ?”

ಅವಳು ಅಡುಗೆಮನೆಯ ಪರದೆಯತ್ತ ಬಗ್ಗಿ ಕೇಳಿಯೇಬಿಟ್ಟಳು. ತಟ್ಟುವ ಸದ್ದು ನಿಂತಿತು. ಸಾಲಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದೆವು.

ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಮಾತು ಮಾತ್ರ ಬರಲಿಲ್ಲ.

“ಇನ್ನೂ ಕೋಪ ಇಳಿದಿಲ್ಲ ಕಣೋ ಅವಳಿಗೆ,” ಅಂದವಳೇ ಅಕ್ಕ ತಮ್ಮನ ಕೈ ಹಿಡಿದು ಹೊರಟುಹೋದಳು.