ಕತ್ತಿ ಹಿಡಿದವಳಿಗೆ ಒಂದು ಮಂತ್ರ

ಕೊಟ್ಟಿಗೆಹಾರದಲ್ಲಿ ಕಳಸದ ಬಸ್ಸು ಕಾಯುತ್ತ ಚಡಪಡಿಸುತ್ತಿದ್ದ ರುದ್ರಾಣಿಗೆ ಪಕ್ಕದ ಕಾಲೇಜು ಮಕ್ಕಳ ಜಗಳದ ತಲೆಬುಡ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ದಾಳ ಉರುಳಿಸಿ ಕತೆ ಕಟ್ಟುವ ಆಟವಂತೆ. ಅದನ್ನು ನಡೆಸುವವನು ತನ್ಮಯ್. ಕೃತಿಕಾಳದು ಕತ್ತಿ ಹಿಡಿದವಳ ಪಾತ್ರ.

"ನಾಲ್ಕನೇ ಲೆವೆಲ್ ಆಯ್ತಲ್ಲ, ನಾನು ಹೊಸ ವಿದ್ಯೆ ಕಲಿಯೋ ಫೀಟ್ ತಗೊಳ್ತೀನಿ. ಗಾಯ ವಾಸಿ ಮಾಡೋ ಮಂತ್ರ ಬೇಕು."

"ಕತ್ತಿಯವ್ಳಿಗೆ ಎಂತ ಮಂತ್ರ ಮಾರಾಯ್ತಿ? ತೋಳ್ಬಲ ಹೆಚ್ಚಿಸ್ಕೊ."

"ಯಾರು ಬೇಕಾದ್ರೂ ಕಲೀಬಹುದು ಅಂತ ರೂಲ್ಸಲ್ಲೇ ಇದೆ."

"ಮಂತ್ರವಾದಿ ನಂದನ್ ಇದಾನಲ್ಲ. ಬೇಕಾದಾಗ ಅವನ್ನ ಕೇಳು."

"ಹೋದ ವಾರ ನಾನು ಬಿದ್ದು ಸಾಯ್ತಿದ್ದಾಗ ಅವನ್ನೇ ಕೇಳಿದ್ದೆನಲ್ಲ? ಮಂತ್ರ ಉಳಿಸ್ಕೊಂಡು ನೋಡ್ತಾ ನಿಂತ."

"ಫೀಟಲ್ಲಿ ಸಿಗೋ ಮಂತ್ರ ನಡೆಯೋದು ದಿನಕ್ಕೆ ಒಂದೇ ಸಲ. ಅದಕ್ಕೆ ಇಷ್ಟು ಹಟವಾ?"

"ಒಂದೇ ಸಲ ಅಲ್ವಾ? ಕೊಡೋಕೆ ನಿಂಗ್ಯಾಕೆ ಇಷ್ಟು ಉರಿ?"

"ಎಲ್ರಿಗೂ ಮಂತ್ರ ಬಂದ್ರೆ ಮಂತ್ರವಾದಿಗೆ ಎಂತ ಮರ್ಯಾದೆ ಹೇಳು?"

"ಬಿದ್ದೋರನ್ನ ಎಬ್ಸಿದ್ರೆ ಸಿಗುತ್ತೆ ಮರ್ಯಾದೆ."

ಮೂಡಿಗೆರೆ ಬಸ್ಸು ಬಂತು. ಕೃತಿಕಾ ಬ್ಯಾಗ್ ಹೆಗಲಿಗೇರಿಸಿ ಮುಂದೆ ಹೋದಳು. ತನ್ಮಯ್ ಹಿಂದೆಯೇ ಓಡಿದ.

"ಭಾನುವಾರ ಆಟಕ್ಕೆ ಬರ್ತೀಯಲ್ಲ?"

"ಮಂತ್ರ ಕಲ್ತೇ ಬರ್ತೀನಿ. ನಂದನ್‌ಗೂ ಹೇಳು, ಅವ್ನು ಬಿದ್ರೆ ನಾನು ನೋಡ್ತಾ ನಿಲ್ಲಲ್ಲ."