ವಾರೆ ಬಾಯಿಯ ಸೌಟು

ಜಾಲಹಳ್ಳಿಯಲ್ಲಿ ರಾಯಚೂರಿನ ಬಸ್ಸಿಗೆ ಕಾದು ಕುಳಿತಿದ್ದ ಕಲ್ಯಾಣಿ ಟೀಚರಿಗೆ ಪಕ್ಕದ ಅತ್ತೆ ಸೊಸೆಯ ಮಾತಿನ ಮುಂದೆ ಕೈಯಲ್ಲಿದ್ದ ಮೊಬೈಲು ಸಪ್ಪೆ ಅನ್ನಿಸಿತು. ದೇವದುರ್ಗದ ಸಂತೆಗೆ ಹೊರಟಿದ್ದ ಸೊಸೆ ಚೀಲದಿಂದ ಮರದ ಸೌಟೊಂದನ್ನು ತೆಗೆದಳು.

“ಸಂತ್ಯಾಗ ಸೌಟು ಯಾಕ ಕೊಳ್ಳೂದ್ರಿ ಅತ್ತಿ? ಬೇವಿನ ಕಟ್ಟಿಗಿ ಕೆತ್ತಿ ನಾನ ಮಾಡೀನಿ.”

“ನೀನ? ಬದನಿಕಾಯಿ ಹೆಚ್ಚಿದ್ರ ಕೈ ಕೊಯ್ಕೊಳ್ಳಾಕಿ.”

“ಇದಕ್ಕೂ ಕೊಯ್ಕೊಂಡೀನಿ. ಆದ್ರ ಮುಗಿಸೀನಿ, ನೋಡ್ರಿ.”

ಅತ್ತೆ ಬೂದೆಮ್ಮ ಅದನ್ನು ತಿರುಗಿಸಿ ನೋಡಿದಳು.

“ಇದರ ಬಾಯಿ ಯಾಕ ಬೇ ಒಂದ್ ಕಡಿ ವಾರಿ ಆಗ್ಯದ?”

“ಮುರದ್ಹೋದ ನಿಮ್ಮ ಹಳೀ ಸೌಟು ಮುಂದಿಟ್ಕೊಂಡು ಹಂಗ ಕೆತ್ತೀನ್ರಿ. ಒಂದ್ ಗೆರಿ ತಪ್ಪಿಲ್ಲ.”

ಬೂದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಅಯ್ಯ ನನ ಹುಚ್ಚಿ, ಅದು ಮದಲ ಹಂಗ ಇರಲಿಲ್ಲ. ನಾ ಎಡಗೈಯಾಕಿ ಅಲ್ಲೇನು? ಜ್ವಾಳದ ನುಚ್ಚು ತಿರುವಿ, ಗಡಿಗಿ ತಳಾ ಕೆರದು, ಒಂದ ಕಡಿ ಸವದಿತ್ತು.”

ಸೊಸೆಯ ಮುಖ ಸಣ್ಣದಾಯಿತು.

“ಹಂಗಾರ ಇದು ಕೆಟ್ಟಿತೇನ್ರಿ?”

ಬೂದೆಮ್ಮ ಸೌಟನ್ನು ಎಡಗೈಗೆ ತೆಗೆದುಕೊಂಡು ಗಾಳಿಯಲ್ಲೇ ನುಚ್ಚು ತಿರುವಿದಳು. ಇನ್ನೊಂದು ಸುತ್ತು ತಿರುವಿದಳು.

“ಅದು ನನ್ನ ಕೈಗಿ ಹೊಂದಾಕ ಎಷ್ಟೋ ವರ್ಷ ಹಿಡೀತು. ಇದು ಇವತ್ತ ಹೊಂದ್ಯದ.”

ದೇವದುರ್ಗದ ಬಸ್ಸು ಬಂದು ನಿಂತಿತು.

“ಹಂಗಾರ ಸೌಟಿನ ಅಂಗಡಿಗಿ ಹೋಗೂದು ಬ್ಯಾಡಲ್ರಿ?”

“ಯಾಕ ಬ್ಯಾಡ? ಹೋಗೂಣು. ಅಂಗಡಿಯವಗ ಇದನ್ನ ತೋರ್ಸಿ ಬರೂಣು.”

ಬೂದೆಮ್ಮ ಚೀಲವನ್ನು ಸೊಸೆಯ ಕೈಗೆ ಕೊಟ್ಟು, ಸೌಟನ್ನು ತಾನೇ ಹಿಡಿದುಕೊಂಡು ಬಸ್ಸು ಹತ್ತಿದಳು.